ಹುಡುಗಿಯರು ಮುಂದೆ ಬನ್ನಿ



1980ರ ದಶಕದಲ್ಲಿ ಅಮೆರಿಕದ ಯಾವುದಾದರೂ ದೊಡ್ಡ ಪಟ್ಟಣದಲ್ಲಿ ಪಂಕ್ ಸಂಗೀತದ ಕೂಟಕ್ಕೆ ನೀವು ಹೋಗಿದ್ದರೆ, ಕಿವಿಗೆ ಹಾಡು ಬೀಳುವ ಮೊದಲೇ ಮೈಗೆ ಮೊಣಕೈಯ ಪೆಟ್ಟು ಬೀಳುತ್ತಿತ್ತು. ಕುರ್ಚಿಗಳಿಲ್ಲದ ಹಾಲು. ಗಿಟಾರು, ಡ್ರಮ್ಮುಗಳ ಕಿವಿಗಡಚಿಕ್ಕುವ ಸದ್ದು. ವೇದಿಕೆಯ ಎದುರು ಅಂಗಿ ಕಳಚಿದ ಹುಡುಗರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತ, ನೂಕಾಡುತ್ತ ಇರುತ್ತಿದ್ದರು. ಅಲ್ಲಿಯ ಕುಣಿತವೆಂದರೆ ಅದೇ. ಹಾಗಾದರೆ ಅದೇ ಹಾಡುಗಳನ್ನು ಮೆಚ್ಚಿ ಬಂದ ಹುಡುಗಿಯರು ಎಲ್ಲಿರುತ್ತಿದ್ದರು? ಹಿಂದಿನ ಗೋಡೆಗೆ ಒರಗಿ, ಗೆಳೆಯರು ಕಳಚಿಕೊಟ್ಟ ಕೋಟುಗಳನ್ನು ಹಿಡಿದು ನಿಂತಿರುತ್ತಿದ್ದರು. ಕೋಟು ತೂಗುಹಾಕುವ ಗೂಟಗಳು ಎಂದು ಅವರನ್ನು ಗೇಲಿ ಮಾಡುವುದೂ ಇತ್ತು. ಧೈರ್ಯ ಮಾಡಿ ಮುಂದೆ ಹೋದವಳಿಗೆ ಏಟು ಬೀಳುತ್ತಿತ್ತು, ಇಲ್ಲವೆ ಗುಂಪಿನಲ್ಲಿ ಯಾರದೋ ಕೈ ಮೈಮೇಲೆ ಹರಿದಾಡುತ್ತಿತ್ತು.

ಗೋಡೆಗೆ ಒರಗಿ ನಿಂತ ಈ ಹುಡುಗಿಯರು 1991ರಿಂದೀಚೆಗೆ ವೇದಿಕೆಯ ಎದುರಿನ ಜಾಗವನ್ನು ಹೇಗೆ ತಮ್ಮದು ಮಾಡಿಕೊಂಡರು ಎಂಬ ಚರಿತ್ರೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ. ಅವರು ಅಬ್ಬರದ ಸಂಗೀತ ಹಾಡಿದರು ಎಂಬುದು ಮೇಲ್ನೋಟದ ಮಾತು. ತಮಗಾದುದನ್ನು ಹೇಳಿಕೊಳ್ಳಲು ಒಂದು ಜಾಗ ಮಾಡಿಕೊಂಡರು ಎಂಬುದೇ, ನನ್ನ ಮಟ್ಟಿಗೆ, ಮುಖ್ಯವಾದ ಮಾತು.

ಮೊದಲು ಪಂಕ್ ಎಂದರೇನು ಎಂಬುದನ್ನು ನೋಡೋಣ. ಇಂಗ್ಲಿಷಿನಲ್ಲಿ ಅದೊಂದು ಬೈಗುಳ. ಪುಂಡ, ಕೆಲಸಕ್ಕೆ ಬಾರದವನು ಎಂದು ಅರ್ಥ. 1970ರ ದಶಕದ ನಡುವಿನಲ್ಲಿ ನ್ಯೂಯಾರ್ಕ್, ಲಂಡನ್ನುಗಳ ತರುಣರ ಸಂಗೀತಕ್ಕೆ ಆ ಬೈಗುಳವೇ ಹೆಸರಾಯಿತು. ಆ ಹೊತ್ತಿಗೆ ರಾಕ್ ಸಂಗೀತ ದೊಡ್ಡ ಕಂಪೆನಿಗಳ ವ್ಯಾಪಾರವಾಗಿತ್ತು. ಪಂಕ್ ಹೇಳಿದ್ದು ಇಷ್ಟೆ: ಗಿಟಾರಿನಲ್ಲಿ ಮೂರು ಕಾರ್ಡ್ ನುಡಿಸಲು ಬಂದರೆ ಸಾಕು, ನಾಳೆಯೇ ತಂಡ ಕಟ್ಟಿ. ವರ್ಷಗಟ್ಟಲೆ ಅಭ್ಯಾಸ ಬೇಡ, ಯಾರ ಅಪ್ಪಣೆಯೂ ಬೇಡ. ಈ ಮಾತು ಹುಡುಗಿಯರ ಕಿವಿಗೆ ಬೇರೆಯದೇ ರೀತಿಯಲ್ಲಿ ಕೇಳಿಸಿತು. ಏಕೆಂದರೆ ಅವರ ಕೈಗೆ ಗಿಟಾರು ಕೊಟ್ಟು ಕಲಿಸಿದವರು ಅಲ್ಲಿಯತನಕ ಯಾರೂ ಇರಲಿಲ್ಲ.

ಬ್ರಿಟನ್ನಿನಲ್ಲಿ ಅದು ಕಾನೂನು ಬದಲಾದ ಕಾಲ. ಸಮಾನ ವೇತನದ ಕಾಯಿದೆ ಮತ್ತು ಲಿಂಗಭೇದ ನಿಷೇಧದ ಕಾಯಿದೆ ಎರಡೂ 1975ರ ಕೊನೆಯಲ್ಲಿ ಜಾರಿಗೆ ಬಂದವು. ಕಾಗದದ ಮೇಲೆ ಹೆಣ್ಣು ಸಮಾನಳಾದಳು. ಬೀದಿಯಲ್ಲಿ ಆಗಿರಲಿಲ್ಲ. 1976ರಲ್ಲಿ ಲಂಡನ್ನಿನಲ್ಲಿ ‘ದ ಸ್ಲಿಟ್ಸ್’ ಎಂಬ ಹುಡುಗಿಯರ ತಂಡ ಹುಟ್ಟಿತು. ಗಾಯಕಿ ಆರಿ ಅಪ್‌ಗೆ ಆಗ ಬರೀ ಹದಿನಾಲ್ಕು ವರ್ಷ. ಕೆದರಿದ ಕೂದಲು, ಹರಿದ ಬಟ್ಟೆ ತೊಟ್ಟು ಬೀದಿಯಲ್ಲಿ ನಡೆದದ್ದಕ್ಕೆ ಜನ ಅವರ ಮೇಲೆ ಉಗುಳಿದರು, ಹೊಡೆದರು. ಒಬ್ಬ ಆರಿಗೆ ಚೂರಿಯನ್ನೇ ಹಾಕಿದ. ತಂಡದ ಗಿಟಾರು ವಾದಕಿ ವಿವ್ ಆಲ್ಬರ್ಟೈನ್ 2014ರಲ್ಲಿ ಹೊರತಂದ ಆತ್ಮಕಥೆಯಲ್ಲಿ ಇದನ್ನೆಲ್ಲ ಬರೆದಿದ್ದಾರೆ. ಹುಡುಗರೂ ಹರಿದ ಬಟ್ಟೆಯನ್ನೇ ತೊಡುತ್ತಿದ್ದರು ಎಂಬುದನ್ನು ಇಲ್ಲಿ ನೆನಪಿಡಬೇಕು.

ಅದೇ ಲಂಡನ್ನಿನ ಇನ್ನೊಬ್ಬಳ ಕತೆ ನನಗೆ ಹೆಚ್ಚು ಪ್ರಿಯ. ತಂದೆ ಸೋಮಾಲಿಯಾದವರು, ತಾಯಿ ಬಿಳಿಯ ಬ್ರಿಟಿಷ್ ಹೆಂಗಸು. ಮೇರಿಯಾನ್ ಎಲಿಯಟ್ ಎಂಬ ಈ ಹುಡುಗಿ 1976ರಲ್ಲಿ, ತನ್ನ ಹತ್ತೊಂಬತ್ತನೆಯ ಹುಟ್ಟುಹಬ್ಬದ ದಿನ, ಹೇಸ್ಟಿಂಗ್ಸ್ ಎಂಬ ಕಡಲೂರಿನಲ್ಲಿ ಸೆಕ್ಸ್ ಪಿಸ್ಟಲ್ಸ್ ತಂಡದ ಹಾಡು ಕೇಳಿದಳು. ಊರಿಗೆ ಮರಳಿ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ತನ್ನದೇ ತಂಡ ಕಟ್ಟಿದಳು. ಟೆಲಿಫೋನ್ ಡೈರೆಕ್ಟರಿಯ ಹಳದಿ ಪುಟಗಳನ್ನು ತಿರುವಿ ‘ಪಾಲಿ ಸ್ಟೈರೀನ್’ ಎಂದು ಹೆಸರಿಟ್ಟುಕೊಂಡಳು. ಅದು ಒಂದು ಬಗೆಯ ಪ್ಲಾಸ್ಟಿಕ್ಕಿನ ಹೆಸರು. ಹಲ್ಲಿಗೆ ತಂತಿ ಕಟ್ಟಿಸಿಕೊಂಡ, ದಪ್ಪ ಬಣ್ಣದ ಉಡುಪಿನ ಈ ಹುಡುಗಿ ಯಾರ ಕಣ್ಣಿಗೂ ಗಾಯಕಿಯಂತೆ ಕಾಣುತ್ತಿರಲಿಲ್ಲ, ಕಾಣುವ ಇಚ್ಛೆಯೂ ಅವಳಿಗಿರಲಿಲ್ಲ. ಅವಳ ‘ಎಕ್ಸ್-ರೇ ಸ್ಪೆಕ್ಸ್’ ತಂಡದ ಮೊದಲ ಹಾಡು 1977ರಲ್ಲಿ ಹೊರಬಂತು. ಎಳೆಯರು ಕಣ್ಣಿಗೆ ಬೀಳಲಿ, ಕಿವಿಗೆ ಬೀಳುವುದು ಬೇಡ ಎಂಬ ಅರ್ಥದ ಇಂಗ್ಲಿಷ್ ಗಾದೆಯನ್ನು ಕೆಣಕುತ್ತಲೇ ಅದು ಶುರುವಾಗುತ್ತದೆ. ಮುಂದೆ 1980ರ ದಶಕದಲ್ಲಿ ಅವರು ಹರೇಕೃಷ್ಣ ಪಂಥಕ್ಕೆ ಸೇರಿದರು. 2011ರಲ್ಲಿ ಐವತ್ಮೂರನೆಯ ವಯಸ್ಸಿನಲ್ಲಿ ತೀರಿಕೊಂಡರು.

ಆ ವರ್ಷಗಳ ಲಂಡನ್ನಿನಲ್ಲಿಯೇ, ಗ್ರನ್‌ವಿಕ್ ಎಂಬ ಫೋಟೋ ಸಂಸ್ಕರಣ ಕಾರ್ಖಾನೆಯ ಗೇಟಿನ ಮುಂದೆ, ಸೀರೆಯುಟ್ಟ ಗುಜರಾತಿ ಮಹಿಳೆ ಜಯಾಬೆನ್ ದೇಸಾಯಿ 1976ರಿಂದ 1978ರವರೆಗೆ ಮುಷ್ಕರ ನಡೆಸಿದರು. ಮುಷ್ಕರ ಗೆಲ್ಲಲಿಲ್ಲ. ಪಂಕ್ ಹುಡುಗಿಯರಿಗೂ ಜಯಾಬೆನ್ನರಿಗೂ ಪರಿಚಯವಿತ್ತೆಂದು ನಾನು ಹೇಳುತ್ತಿಲ್ಲ. ಕಾಯಿದೆ ಬಂದ ಮೇಲೂ ಹೆಣ್ಣು ಗೇಟಿನ ಹೊರಗೇ ಇದ್ದಳು ಎಂಬುದನ್ನು ಒಂದೇ ಊರು ಎರಡು ಬಗೆಯಲ್ಲಿ ತೋರಿಸಿತು ಎನ್ನುವುದಷ್ಟೆ ನನ್ನ ಮಾತು.

ಇನ್ನು ಅಮೆರಿಕಕ್ಕೆ ಬರೋಣ. ಇಲ್ಲಿ ಎರಡು ವಾಷಿಂಗ್ಟನ್‌ಗಳು ಬರುತ್ತವೆ, ಗೊಂದಲ ಬೇಡ. ಒಂದು, ದೇಶದ ರಾಜಧಾನಿಯಾದ ವಾಷಿಂಗ್ಟನ್ ನಗರ, ಪೂರ್ವ ಕರಾವಳಿಯ ಕಡೆ. ಇನ್ನೊಂದು, ಪಶ್ಚಿಮ ಕರಾವಳಿಯ ವಾಷಿಂಗ್ಟನ್ ರಾಜ್ಯ. ಆ ರಾಜ್ಯದ ಪುಟ್ಟ ರಾಜಧಾನಿ ಒಲಿಂಪಿಯಾ. ಸದಾ ಮಳೆ ಸುರಿಯುವ ಈ ಊರಿನಲ್ಲಿ ಎವರ್‌ಗ್ರೀನ್ ಸ್ಟೇಟ್ ಕಾಲೇಜು ಎಂಬುದೊಂದಿದೆ, ಅದಕ್ಕೆ ‘ಕೇಯಾಸ್’ ಎಂಬ ರೇಡಿಯೋ ನಿಲಯವಿದೆ. 1970ರ ದಶಕದಲ್ಲಿಯೇ ಆ ನಿಲಯ ಒಂದು ನಿಯಮ ಮಾಡಿಕೊಂಡಿತು. ಪ್ರಸಾರವಾಗುವ ಸಂಗೀತದಲ್ಲಿ ನೂರಕ್ಕೆ ಎಂಬತ್ತು ಪಾಲು ಸಣ್ಣ, ಸ್ವತಂತ್ರ ಕಂಪೆನಿಗಳದ್ದಾಗಿರಬೇಕು! ದೊಡ್ಡವರ ನಡುವೆ ಸಣ್ಣವರಿಗೆ ಸಮಯ ಕಾದಿರಿಸುವುದೆಂದರೆ ಏನು ಎಂಬುದನ್ನು ಈ ಪುಟಗಳನ್ನು ಓದುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದು ತಲೆಮಾರು ಕಳೆಯುವುದರೊಳಗೆ ಆ ಊರಿನಲ್ಲಿ ಸ್ವಂತ ಕ್ಯಾಸೆಟ್ಟು, ಸ್ವಂತ ಕಂಪೆನಿ, ಸ್ವಂತ ಪತ್ರಿಕೆ ಮಾಡುವುದು ಸಹಜ ಸಂಗತಿಯಾಗಿತ್ತು.

ಆ ಕಾಲೇಜಿನಲ್ಲಿ ಛಾಯಾಗ್ರಹಣ ಕಲಿಯುತ್ತಿದ್ದವಳು ಕ್ಯಾಥ್ಲೀನ್ ಹಾನಾ, 1968ರಲ್ಲಿ ಹುಟ್ಟಿದವಳು. ಹೊಡೆತ, ಅತ್ಯಾಚಾರಗಳಿಂದ ಪಾರಾಗಿ ಬಂದ ಹೆಂಗಸರಿಗೆ ಆಸರೆ ಕೊಡುವ ಕೇಂದ್ರವೊಂದರಲ್ಲಿ ಅವಳು ಸ್ವಯಂಸೇವಕಿಯಾಗಿದ್ದಳು. ಹೆಂಗಸರು ದನಿ ತಗ್ಗಿಸಿ ಹೇಳಿಕೊಳ್ಳುವ ಕತೆಗಳನ್ನು ಅಲ್ಲಿ ದಿನವೂ ಕೇಳಿದಳು. ಅವನ್ನೇ ಗದ್ಯವಾಗಿ ಬರೆದು ಸಭೆಗಳಲ್ಲಿ ಓದತೊಡಗಿದಳು. ಒಮ್ಮೆ ಲೇಖಕಿ ಕ್ಯಾಥಿ ಆಕರ್ ಅವರ ಕಮ್ಮಟಕ್ಕೆ ಹೋದಾಗ, ಯಾಕೆ ಬರೆಯುತ್ತೀ ಎಂದು ಆಕರ್ ಕೇಳಿದರಂತೆ. ನನ್ನ ಮಾತನ್ನು ಯಾರೂ ಕೇಳುವುದಿಲ್ಲ, ಅದಕ್ಕೆ ಎಂದಳಂತೆ ಹಾನಾ. ಹಾಗಾದರೆ ಸಂಗೀತದ ತಂಡ ಕಟ್ಟು, ಗದ್ಯ ಓದಿದರೆ ಯಾರು ಕೇಳುತ್ತಾರೆ ಎಂದು ಆಕರ್ ಬುದ್ಧಿ ಹೇಳಿದರಂತೆ. ಇದನ್ನು ಹಾನಾ ಅವರೇ ಮುಂದೆ ಹಲವು ಸಲ ಹೇಳಿಕೊಂಡಿದ್ದಾರೆ. 1990ರಲ್ಲಿ ಹಾನಾ, ಡ್ರಮ್ ಬಾರಿಸುವ ಟೋಬಿ ವೇಲ್, ಕ್ಯಾಥಿ ವಿಲ್ಕಾಕ್ಸ್ ಮತ್ತು ಬಿಲಿ ಕ್ಯಾರೆನ್ ಎಂಬ ಒಬ್ಬ ತರುಣ ಸೇರಿ ‘ಬಿಕಿನಿ ಕಿಲ್’ ತಂಡ ಕಟ್ಟಿದರು.

ಈ ಹಾನಾಳ ಹೆಸರು ಕೇಳದವರೂ ‘ನಿರ್ವಾಣ’ ಎಂಬ ತಂಡದ ಹೆಸರು ಕೇಳಿರುತ್ತಾರೆ. 1991ರಲ್ಲಿ ಜಗತ್ತನ್ನೇ ಕುಣಿಸಿದ ಅವರ ‘ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್’ ಹಾಡಿಗೆ ಹೆಸರು ಸಿಕ್ಕಿದ್ದು ಹಾನಾ ಒಂದು ರಾತ್ರಿ ಕರ್ಟ್ ಕೊಬೇನನ ಕೋಣೆಯ ಗೋಡೆಯ ಮೇಲೆ ತಮಾಷೆಗೆ ಗೀಚಿದ ಸಾಲಿನಿಂದ. ಟೀನ್ ಸ್ಪಿರಿಟ್ ಎಂಬುದು ಹುಡುಗಿಯರು ಬಳಸುವ ಬೆವರುನಾಶಕವೊಂದರ ಹೆಸರು. ಹಾಡು ಕೋಟಿಗಟ್ಟಲೆ ಗಳಿಸಿತು, ಗೋಡೆಯ ಮೇಲೆ ಗೀಚಿದವಳ ಸಂಗತಿ ಬಹುಕಾಲ ಅಡಿಟಿಪ್ಪಣಿಯಾಗಿಯೇ ಉಳಿಯಿತು.

1991ರ ಬೇಸಿಗೆಯಲ್ಲಿ ಬಿಕಿನಿ ಕಿಲ್ ಮತ್ತು ‘ಬ್ರಾಟ್‌ಮೊಬೈಲ್’ ಎಂಬ ಇನ್ನೊಂದು ಹುಡುಗಿಯರ ತಂಡ ರಾಜಧಾನಿ ವಾಷಿಂಗ್ಟನ್ನಿಗೆ ಬಂದಿಳಿದವು. ಆ ಮೇ ತಿಂಗಳಿನಲ್ಲಿ ಅಲ್ಲಿಯ ಮೌಂಟ್ ಪ್ಲೆಸೆಂಟ್ ಬಡಾವಣೆಯಲ್ಲಿ, ಪೊಲೀಸರ ಗುಂಡಿಗೆ ಒಬ್ಬ ವಲಸಿಗ ಗಾಯಗೊಂಡ ಕಾರಣಕ್ಕೆ, ದೊಂಬಿ ಎದ್ದಿತ್ತು. ಹುಡುಗಿಯರ ದೊಂಬಿಯೂ ಆಗಬೇಕು ಎಂದು ಗೆಳತಿಯೊಬ್ಬಳು ಬರೆದಳು. ಆ ಮಾತಿನಿಂದಲೇ ಜುಲೈಯಲ್ಲಿ ಒಂದು ಪುಟ್ಟ ಪತ್ರಿಕೆ ಹುಟ್ಟಿತು: ‘ರಯಟ್ ಗರ್ಲ್’. ರಯಟ್ ಎಂದರೆ ದೊಂಬಿ. ಗರ್ಲ್ ಎಂಬ ಪದದ ನಡುವಿನ ‘ಐ’ ಅಕ್ಷರವನ್ನು ತೆಗೆದು ಮೂರು ‘ಆರ್’ ಇಟ್ಟರು. ಓದಿದರೆ ‘ಗರ್ರ್’ ಎಂದು ಗುರುಗುಟ್ಟಿದಂತೆ ಕೇಳುತ್ತದೆ. ಆಲಿಸನ್ ವುಲ್ಫ್ ಮತ್ತು ಮಾಲಿ ನ್ಯೂಮನ್ ಹೊರತಂದ ಆ ಪತ್ರಿಕೆಯ ಹೆಸರೇ ಚಳವಳಿಯ ಹೆಸರೂ ಆಯಿತು.

ಈ ಪತ್ರಿಕೆಗಳ ವಿಚಾರವಾಗಿ ಸ್ವಲ್ಪ ನಿಂತು ಹೇಳಬೇಕು. ಅವನ್ನು ಅಲ್ಲಿ ‘ಝೈನ್’ ಎನ್ನುತ್ತಾರೆ. ನಮ್ಮ ಹೈಸ್ಕೂಲುಗಳಲ್ಲಿ, ವಾಚನಾಲಯಗಳಲ್ಲಿ ಕೈಬರಹದ ಪತ್ರಿಕೆಗಳಿರುತ್ತಿದ್ದವಲ್ಲ, ಅವುಗಳ ದೂರದ ದಾಯಾದಿ ಎನ್ನಿ. ಆದರೆ ನಮ್ಮದನ್ನು ಮೇಷ್ಟರು ತಿದ್ದುತ್ತಿದ್ದರು, ಇದನ್ನು ತಿದ್ದುವವರು ಇರಲಿಲ್ಲ. ಟೈಪ್ ಮಾಡಿದ ಚೂರು, ಕೈಯಲ್ಲಿ ಬರೆದ ಸಾಲು, ಹಳೆಯ ಮಹಿಳಾ ಪತ್ರಿಕೆಗಳಿಂದ ಕತ್ತರಿಸಿದ ಚಿತ್ರ ಎಲ್ಲವನ್ನೂ ಅಂಟಿಸಿ, ಝೆರಾಕ್ಸ್ ಮಾಡಿ, ಮಡಚಿ, ಪಿನ್ನು ಹೊಡೆದರೆ ಮುಗಿಯಿತು. ಕಾಟುಗಳೂ ಒತ್ತುಗಳೂ ಹಾಗೆಯೇ ಇರುತ್ತಿದ್ದವು. ಒಂದು ಡಾಲರೋ, ಎರಡು ಅಂಚೆಚೀಟಿಗಳೋ ಕಳಿಸಿದರೆ ಮನೆಗೆ ಬರುತ್ತಿತ್ತು. ಅವುಗಳಲ್ಲಿ ಇದ್ದುದೇನು? ಮನೆಯೊಳಗೆ ನಡೆದ ಅತ್ಯಾಚಾರ, ಊಟ ಬಿಟ್ಟು ಬಡಕಲಾಗುವ ಹುಚ್ಚು, ಶಾಲೆಯ ಕಾರಿಡಾರಿನ ಕಾಟ, ಹುಡುಗಿಯನ್ನೇ ಪ್ರೀತಿಸುವ ಹುಡುಗಿಯ ಭಯ. ಜೊತೆಗೆ ಯಾವ ತಂಡ ಎಲ್ಲಿ ಹಾಡುತ್ತದೆ ಎಂಬ ಸುದ್ದಿ. ದೂರದ ಒಂದು ಊರಿನ ಹದಿನೈದರ ಹುಡುಗಿ ಅದನ್ನು ಬಾಗಿಲು ಹಾಕಿಕೊಂಡು ಓದಿ, ನನಗೂ ಹೀಗಾಗಿದೆ ಎಂದು ಉತ್ತರ ಬರೆಯುತ್ತಿದ್ದಳು. ಕಛೇರಿಗೆ ಬರಲಾಗದವಳಿಗೂ ಅಂಚೆ ತಲಪುತ್ತಿತ್ತು. ಆದ್ದರಿಂದ ಈ ಚಳವಳಿಯ ಬೆನ್ನೆಲುಬು ಹಾಡಲ್ಲ, ಕಾಗದ ಎಂದು ನಾನು ತಿಳಿದಿದ್ದೇನೆ.

ಆದರೆ ಹಾಡಿನ ಕೂಟದಲ್ಲಿ ನಡೆದುದೂ ಸಣ್ಣದಲ್ಲ. 1991ರ ಆಗಸ್ಟಿನಲ್ಲಿ ಒಲಿಂಪಿಯಾದಲ್ಲಿ ಆರು ದಿನಗಳ ಸಂಗೀತ ಸಮ್ಮೇಳನ ನಡೆಯಿತು. ಅದರ ಮೊದಲ ರಾತ್ರಿಯನ್ನು ಪೂರ್ತಿ ಹೆಂಗಸರ ಹಾಡಿಗೇ ಬಿಟ್ಟುಕೊಟ್ಟರು. ಆಮೇಲಿನ ಕಛೇರಿಗಳಲ್ಲಿ ಹಾನಾ ಹಾಡು ಶುರುಮಾಡುವ ಮೊದಲು ಮೈಕಿನಲ್ಲಿ ಒಂದು ಮಾತು ಹೇಳುತ್ತಿದ್ದಳು: ಹುಡುಗಿಯರು ಮುಂದೆ ಬನ್ನಿ, ಹುಡುಗರು ಸ್ವಲ್ಪ ಹಿಂದೆ ಸರಿಯಿರಿ. ಅಷ್ಟೆ! ಅಷ್ಟಕ್ಕೇ ಹಾಲಿನಲ್ಲಿ ಸಿಟ್ಟು ಹೊತ್ತಿಕೊಳ್ಳುತ್ತಿತ್ತು. ಕಾಸು ಕೊಟ್ಟು ಬಂದಿದ್ದೇವೆ, ನಾವೇಕೆ ಸರಿಯಬೇಕು ಎನ್ನುವವರಿದ್ದರು. ಬಾಟಲಿ ಎಸೆದವರಿದ್ದರು, ಹೊಡೆಯಲು ಬಂದವರೂ ಇದ್ದರು. ಮುಂದೆ ಬಂದ ಹುಡುಗಿಯರಿಗೆ ಹಾಡಿನ ಸಾಹಿತ್ಯ ಅಚ್ಚಾದ ಹಾಳೆಗಳನ್ನು ಹಂಚುತ್ತಿದ್ದರು, ಅಬ್ಬರದಲ್ಲಿ ಮಾತು ಕಳೆದುಹೋಗಬಾರದಲ್ಲ. ಹಾಡುಗಳ ನಡುವೆ ಮೈಕನ್ನೇ ಕೆಳಗೆ ಕೊಟ್ಟುಬಿಡುತ್ತಿದ್ದರು. ಯಾವಳೋ ಒಬ್ಬಳು ಅದನ್ನು ಹಿಡಿದು, ಈವರೆಗೆ ತಾಯಿಗೂ ಹೇಳದ ಸಂಗತಿಯನ್ನು ನೂರಾರು ಜನರ ಮುಂದೆ ಹೇಳುತ್ತಿದ್ದಳು.

ಹಾನಾ ತನ್ನ ಹೊಟ್ಟೆಯ ಮೇಲೆ ಮಾರ್ಕರಿನಿಂದ ಬೈಗುಳ ಬರೆದುಕೊಂಡು ವೇದಿಕೆಗೆ ಬಂದದ್ದೂ ಉಂಟು. ನೋಡುವವರು ಮನಸ್ಸಿನಲ್ಲಿ ಅಂದುಕೊಳ್ಳುವುದನ್ನು ಅವರಿಗಿಂತ ಮೊದಲು ತಾನೇ ಬರೆದು ತೋರಿಸುವುದು ಅವಳ ಉಪಾಯ. ಇದು ಎಲ್ಲರಿಗೂ ಹಿಡಿಸಬೇಕೆಂದಿಲ್ಲ. ನನಗೂ ಪೂರ್ತಿ ಹಿಡಿಸಿಲ್ಲ, ಏಕೆಂದರೆ ಫೋಟೋ ತೆಗೆಯುವವರಿಗೆ ಬೇಕಾದದ್ದೂ ಅದೇ ಆಗಿತ್ತು.

ದೇಶದ ರಾಜಕೀಯ ಈ ಸಿಟ್ಟಿಗೆ ದಿನವೂ ಸೌದೆ ಒಟ್ಟುತ್ತಿತ್ತು. 1991ರ ಅಕ್ಟೋಬರಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ಕ್ಲಾರೆನ್ಸ್ ಥಾಮಸ್ ಅವರ ನೇಮಕದ ವಿಚಾರಣೆ ನಡೆಯಿತು. ಅವರ ಕೈಕೆಳಗೆ ಹಿಂದೆ ಕೆಲಸ ಮಾಡಿದ್ದ, ಆಗ ಕಾನೂನು ಪ್ರಾಧ್ಯಾಪಕಿಯಾಗಿದ್ದ ಅನಿತಾ ಹಿಲ್, ತಮಗೆ ಲೈಂಗಿಕ ಕಿರುಕುಳವಾಗಿತ್ತೆಂದು ಸಾಕ್ಷ್ಯ ಹೇಳಿದರು. ಥಾಮಸ್ ಅದನ್ನು ಅಲ್ಲಗಳೆದರು. ಆ ಕಪ್ಪು ಮಹಿಳೆಯನ್ನು ಪ್ರಶ್ನಿಸಲು ಎದುರು ಕುಳಿತಿದ್ದವರು ಹದಿನಾಲ್ಕು ಮಂದಿ ಬಿಳಿಯ ಗಂಡಸರು. ದೇಶಕ್ಕೆ ದೇಶವೇ ಟೆಲಿವಿಷನ್ನಿನಲ್ಲಿ ನೋಡಿತು. ಕೊನೆಗೆ 52 ಮತಕ್ಕೆ 48ರಂತೆ ನೇಮಕ ಸ್ಥಿರವಾಯಿತು. ಮರುವರ್ಷದ ಚುನಾವಣೆಯಲ್ಲಿ ಒಮ್ಮೆಗೇ ನಾಲ್ವರು ಮಹಿಳೆಯರು ಹೊಸದಾಗಿ ಸೆನೆಟ್ಟಿಗೆ ಆರಿಸಿಬಂದರು. ಅವರಲ್ಲಿ ಒಬ್ಬರಾದ ಪ್ಯಾಟಿ ಮರೆ ಒಲಿಂಪಿಯಾ ಇರುವ ವಾಷಿಂಗ್ಟನ್ ರಾಜ್ಯದವರೇ.

1992ರ ಜುಲೈ ಕೊನೆಯಲ್ಲಿ ರಾಜಧಾನಿಯಲ್ಲಿ ರಯಟ್ ಗರ್ಲ್ ಹುಡುಗಿಯರ ಮೊದಲ ಸಮ್ಮೇಳನ ಸೇರಿತು. ಅಲ್ಲಿಗೆ ಪತ್ರಿಕೆಯವರೂ ಬಂದರು. ದೊಡ್ಡ ಪತ್ರಿಕೆಗಳು ಬರೆದದ್ದು ಏನನ್ನು? ಹುಡುಗಿಯರ ಬೂಟು, ಕೂದಲಿನ ಬಣ್ಣ, ಮೈಮೇಲಿನ ಬರಹ. ಕೆಲವು ಕಡೆ ಹಾನಾಳ ಸ್ವಂತ ಬದುಕಿನ ಬಗ್ಗೆ ಅವಳು ಹೇಳದ ಮಾತುಗಳೂ ಅಚ್ಚಾದವು. ಇದರಿಂದ ರೋಸಿದ ಹುಡುಗಿಯರು ಪತ್ರಕರ್ತರೊಂದಿಗೆ ಮಾತೇ ಬೇಡ ಎಂದು ನಿರ್ಧರಿಸಿದರು. ಫಲ ಏನಾಯಿತೆಂದರೆ, ಪತ್ರಿಕೆಗಳು ಬರೆಯುವುದನ್ನು ನಿಲ್ಲಿಸಲಿಲ್ಲ, ಇವರ ಮಾತು ಮಾತ್ರ ಅವುಗಳಲ್ಲಿ ಇಲ್ಲವಾಯಿತು. ಆ ಮೌನ ಅವರಿಗೆ ನಷ್ಟವನ್ನೇ ಮಾಡಿತು ಎಂದು ನನ್ನ ಅಭಿಪ್ರಾಯ. ಆದರೆ ಇಪ್ಪತ್ತರ ವಯಸ್ಸಿನಲ್ಲಿ ಅವರಿಗೆ ಬೇರೆ ದಾರಿ ಯಾವುದಿತ್ತೆಂದು ಹೇಳುವುದೂ ಸುಲಭವಲ್ಲ.

ಇದಕ್ಕಿಂತ ಆಳವಾದ ದೋಷ ಒಳಗೇ ಇತ್ತು. ಹುಡುಗಿಯರು ಮುಂದೆ ಬನ್ನಿ ಎಂದಾಗ ಮುಂದೆ ಬಂದವರಲ್ಲಿ ಹೆಚ್ಚಿನವರು ಬಿಳಿಯರು, ಅದರಲ್ಲೂ ಕಾಲೇಜಿಗೆ ಹೋಗುವ ಮಧ್ಯಮವರ್ಗದವರು. ನ್ಯೂಜರ್ಸಿಯಲ್ಲಿ ಬೆಳೆದ ರಾಮ್‌ದಾಶಾ ಬಿಕ್ಸೀಮ್ ಎಂಬ ಕಪ್ಪು ಹುಡುಗಿ ‘ಗಂಕ್’ ಎಂಬ ಝೈನ್ ತರುತ್ತಿದ್ದಳು. ಸಮ್ಮೇಳನಕ್ಕೆ ಹೋಗಿಬಂದು, ಅಲ್ಲಿ ಕಪ್ಪುಜನ ಬೆರಳಲ್ಲಿ ಎಣಿಸುವಷ್ಟೇ ಇದ್ದರೆಂದು ನೇರವಾಗಿ ಬರೆದಳು. 1997ರಲ್ಲಿ ಮಿಮಿ ನ್ಯುಯೆನ್ ಎಂಬ ವಿಯೆಟ್ನಾಂ ಮೂಲದ ಲೇಖಕಿ ಬಿಳಿಯರಲ್ಲದ ಪಂಕ್ ಬರಹಗಾರರನ್ನು ಒಟ್ಟುಗೂಡಿಸಿ ಒಂದು ಸಂಕಲನವನ್ನೇ ತಂದಳು. ತನಗಾದ ನೋವನ್ನು ಮಾತ್ರ ಹೇಳಿಕೊಳ್ಳುವವಳಿಗೆ ತಾನು ಇನ್ನೊಬ್ಬಳಿಗೆ ಮಾಡುವ ನೋವು ಕಾಣದೆ ಹೋಗಬಹುದು ಎಂಬುದೇ ಅವರ ದೂರು. ಗಮನಿಸಿ, ಈ ದೂರೂ ಹೊರಬಂದದ್ದು ಅದೇ ಝೆರಾಕ್ಸ್ ಹಾಳೆಗಳಲ್ಲಿ. ಅಂದರೆ ಆ ಕಾಗದ ತನ್ನವರನ್ನೂ ಬಿಡಲಿಲ್ಲ.

ಇದೆಲ್ಲ ಬರೀ ಮಾತಿನ ಜಗಳವಾಗಿರಲಿಲ್ಲ. 1993ರ ಜುಲೈ 7ರಂದು ಸಿಯಾಟಲ್ ನಗರದಲ್ಲಿ ‘ದ ಗಿಟ್ಸ್’ ತಂಡದ ಗಾಯಕಿ, ಇಪ್ಪತ್ತೇಳರ ಮಿಯಾ ಜಪಾಟಾ ರಾತ್ರಿ ಮನೆಗೆ ಹಿಂತಿರುಗುವಾಗ ಅತ್ಯಾಚಾರಕ್ಕೀಡಾಗಿ ಕೊಲೆಯಾದಳು. ಅವಳ ತಂಡ ತನ್ನನ್ನು ರಯಟ್ ಗರ್ಲ್ ಎಂದು ಕರೆದುಕೊಂಡಿರಲಿಲ್ಲ, ಆದರೆ ಆ ಸಾವು ಆ ಸೀಮೆಯ ಎಲ್ಲ ಹುಡುಗಿಯರ ಮನೆಬಾಗಿಲಿಗೆ ಬಂದಂತಾಯಿತು. ಗೆಳತಿಯರು ಸೇರಿ ‘ಹೋಮ್ ಅಲೈವ್’ ಎಂಬ ಸಂಘ ಕಟ್ಟಿದರು. ಜೀವಂತ ಮನೆ ಸೇರುವುದು ಎಂದು ಅದರ ಅರ್ಥ. ಆತ್ಮರಕ್ಷಣೆಯ ತರಗತಿ ನಡೆಸಿದರು, ಹಾಡಿ ಹಣ ಕೂಡಿಸಿದರು. ಪೊಲೀಸರಿಗೆ ವರ್ಷಗಟ್ಟಲೆ ಸುಳಿವು ಸಿಗಲಿಲ್ಲ. ಕಾದಿರಿಸಿದ್ದ ಡಿಎನ್ಎ ಮಾದರಿಯಿಂದಾಗಿ 2003ರಲ್ಲಿ ಫ್ಲಾರಿಡಾದಲ್ಲಿ ಆರೋಪಿ ಸಿಕ್ಕಿಬಿದ್ದ. 2004ರಲ್ಲಿ ಅಪರಾಧ ಸಾಬೀತಾಯಿತು.

ಚಳವಳಿಯಾಗಿ ರಯಟ್ ಗರ್ಲ್ 1990ರ ದಶಕದ ನಡುವಿಗೇ ಚದುರಿತು. 1997ರಲ್ಲಿ ಬಿಕಿನಿ ಕಿಲ್ ತಂಡ ಒಡೆಯಿತು. 1991ರಲ್ಲಿ ಆ ತಂಡದ ಝೈನಿನ ಮೇಲೆ ಕೈಯಲ್ಲಿ ಬರೆದಿದ್ದ ‘ಗರ್ಲ್ ಪವರ್’ ಎಂಬ ಎರಡು ಶಬ್ದಗಳು 1996ರಲ್ಲಿ ಸ್ಪೈಸ್ ಗರ್ಲ್ಸ್ ಎಂಬ ತಂಡದ ಮೂಲಕ ಜಗತ್ತಿನ ಅಂಗಡಿಗಳನ್ನೆಲ್ಲ ಹೊಕ್ಕವು. ಅಂಗಿ, ಗೊಂಬೆ, ಪೆನ್ಸಿಲ್ ಡಬ್ಬಿ ಎಲ್ಲದರ ಮೇಲೂ ಅದೇ ಘೋಷಣೆ. ಅದನ್ನು ಕಂಡು ನಿಟ್ಟುಸಿರಿಟ್ಟವರಿದ್ದಾರೆ. ಆ ಪೆನ್ಸಿಲ್ ಡಬ್ಬಿಯಿಂದ ಹೊರಟು ಮುಂದೆ ಹಳೆಯ ಝೈನುಗಳನ್ನು ಹುಡುಕಿ ಓದಿದ ಹುಡುಗಿಯರೂ ಇದ್ದಾರೆ.

ಕಾಗದ ಮಾತ್ರ ಉಳಿಯಿತು. 2009–10ರ ಸುಮಾರಿಗೆ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಫೇಲ್ಸ್ ಗ್ರಂಥಾಲಯ ಈ ಝೈನು, ಪತ್ರ, ಡೈರಿಗಳಿಗಾಗಿ ಪ್ರತ್ಯೇಕ ಸಂಗ್ರಹವೊಂದನ್ನು ತೆರೆಯಿತು. ಹಾನಾ ತನ್ನ ಕಾಗದಪತ್ರಗಳನ್ನು ಅಲ್ಲಿಗೆ ಕೊಟ್ಟಳು. 2001ರಲ್ಲಿ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ ಹುಡುಗಿಯರಿಗೆ ಗಿಟಾರು, ಡ್ರಮ್ಮು ಕಲಿಸುವ ಬೇಸಿಗೆ ಶಿಬಿರ ಶುರುವಾಗಿ ಬೇರೆ ಊರುಗಳಿಗೂ ಹಬ್ಬಿತು. ರಷ್ಯಾದಲ್ಲಿ 2012ರ ಫೆಬ್ರವರಿಯಲ್ಲಿ ‘ಪುಸಿ ರಯಟ್’ ಎಂಬ ಮುಸುಕಿನ ಹುಡುಗಿಯರ ಗುಂಪು ಮಾಸ್ಕೋದ ದೊಡ್ಡ ಚರ್ಚಿನೊಳಗೆ ಪುಟಿನ್ ವಿರುದ್ಧ ಹಾಡಿತು. ಹಾಡು ನಿಮಿಷವೊಂದರ ಆಸುಪಾಸಿನದು, ಶಿಕ್ಷೆ ಎರಡು ವರ್ಷದ್ದು. ಮೂವರಲ್ಲಿ ಒಬ್ಬಳ ಶಿಕ್ಷೆಯನ್ನು ಆ ಅಕ್ಟೋಬರಿನಲ್ಲಿ ಅಮಾನತಿನಲ್ಲಿಟ್ಟು ಬಿಡುಗಡೆ ಮಾಡಿದರು. ಇನ್ನಿಬ್ಬರು 2013ರ ಡಿಸೆಂಬರಿನವರೆಗೆ ಸೆರೆಯಲ್ಲಿದ್ದರು. ಬಿಕಿನಿ ಕಿಲ್ ತಮಗೆ ಪ್ರೇರಣೆ ಎಂದು ಆ ಗುಂಪಿನವರೇ ಹೇಳಿದ್ದುಂಟು.

2019ರಲ್ಲಿ, ಇಪ್ಪತ್ತೆರಡು ವರ್ಷಗಳ ಮೇಲೆ, ಬಿಕಿನಿ ಕಿಲ್ ಮತ್ತೆ ವೇದಿಕೆಯೇರಿತು. ಹಳೆಯ ಹಾಡುಗಳು ಹಳತಾಗಿರಲಿಲ್ಲ. ಅವರು ಹುಡುಗಿಯರಾಗಿದ್ದಾಗ ಉಳಿಸಿಕೊಳ್ಳಲು ಬೀದಿಗಿಳಿದಿದ್ದ ಗರ್ಭಪಾತದ ಹಕ್ಕನ್ನು 2022ರ ಜೂನಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಸಂವಿಧಾನದ ರಕ್ಷಣೆಯಿಂದಲೇ ಹೊರಗಿಟ್ಟಿತು. ಆ ತೀರ್ಪಿಗೆ ಸೇರಿದ ನ್ಯಾಯಮೂರ್ತಿಗಳಲ್ಲಿ ಕ್ಲಾರೆನ್ಸ್ ಥಾಮಸ್ ಒಬ್ಬರು.

2019ರ ಆ ಕಛೇರಿಗಳಲ್ಲಿ ಲಾಸ್ ಏಂಜಲಿಸಿನಲ್ಲಿ ಬಿಕಿನಿ ಕಿಲ್‌ಗಿಂತ ಮೊದಲು ಹಾಡಲು ಒಂದು ಪುಟಾಣಿ ತಂಡಕ್ಕೆ ಅವಕಾಶ ಸಿಕ್ಕಿತು. ಹೆಸರು ‘ದ ಲಿಂಡಾ ಲಿಂಡಾಸ್’. ನಾಲ್ವರೂ ಏಷ್ಯಾ ಮತ್ತು ಲ್ಯಾಟಿನ್ ಅಮೆರಿಕ ಮೂಲದ ಮನೆಗಳ ಹುಡುಗಿಯರು. 2020ರಲ್ಲಿ ಕೊರೋನಾ ಕಾರಣಕ್ಕೆ ಶಾಲೆ ಮುಚ್ಚುವ ಸ್ವಲ್ಪ ಮೊದಲು, ತಂಡದ ಡ್ರಮ್ ವಾದಕಿಯ ಹತ್ತಿರ ತರಗತಿಯ ಹುಡುಗನೊಬ್ಬ ಬಂದು, ಚೀನಿಯರಿಂದ ದೂರ ಇರು ಎಂದು ಅಪ್ಪ ಹೇಳಿದ್ದಾನೆ ಎಂದ. ನಾನೂ ಚೀನೀ ಮೂಲದವಳೇ ಎಂದಳು ಇವಳು. ಅವನು ಹಿಂದಕ್ಕೆ ಸರಿದ. ಆ ಸಿಟ್ಟಿನಿಂದ ತಂಡದಲ್ಲಿ ಒಂದು ಹಾಡು ಹುಟ್ಟಿತು. 2021ರ ಮೇ ತಿಂಗಳಿನಲ್ಲಿ ಆ ನಗರದ ಸಾರ್ವಜನಿಕ ಗ್ರಂಥಾಲಯದ ಒಂದು ಶಾಖೆಯಲ್ಲಿ, ಪುಸ್ತಕದ ಕಪಾಟುಗಳ ನಡುವೆ ನಿಂತು ಅವರು ಅದನ್ನು ಹಾಡಿದರು. ಮೊದಲು ಡ್ರಮ್ಮಿನ ಹುಡುಗಿ ನಡೆದುದನ್ನು ನಾಲ್ಕು ಮಾತಿನಲ್ಲಿ ಹೇಳಿದಳು, ಆಮೇಲೆ ಬಾರಿಸಿದಳು. ಅವಳಿಗೆ ಆಗ ಹತ್ತು ವರ್ಷ.